ಬೀಗದ ಮೇಸ್ತ್ರಿಯ ಕುರ್ಚಿ

ನನ್ನ ಯಜಮಾನರು ತೀರಿಕೊಂಡು ಮೂರು ತಿಂಗಳಾಗಿತ್ತು. ಎಲ್ಲವನ್ನೂ ಇಲ್ಲೇ ಬಿಟ್ಟು ಹೋದ ಮನುಷ್ಯ ಕಬ್ಬಿಣದ ಬೀರುವಿನ ಕೀಲಿಕೈ ಎಲ್ಲಿಟ್ಟಿದ್ದೇನೆ ಅಂತ ಮಾತ್ರ ಹೇಳಿರಲಿಲ್ಲ. ಹಾಸಿಗೆ ಕೆಳಗೆ ಹುಡುಕಿದೆ, ಸಕ್ಕರೆ ಡಬ್ಬಿಯಲ್ಲಿ ಕೈಯಾಡಿಸಿದೆ, ಹಳೆಯ ಬೂಟುಗಳನ್ನು ತಲೆಕೆಳಗು ಮಾಡಿ ಕೊಡವಿದೆ. ಕೊನೆಗೆ ಬೀರು ಒಡೆಸುವುದೇ ಸರಿ ಅಂದುಕೊಂಡು ಕೆಳಮನೆಯ ಟೈಲರಮ್ಮನಿಗೆ ಹೇಳಿದೆ. ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವಳು.

"ಒಡೆಸ್ಬೇಡಿ ಅಕ್ಕ, ಒಳ್ಳೆ ಬೀರು. ಸೇತುವೆ ಪಕ್ಕ ಒಬ್ರು ಬೀಗದ ಮೇಸ್ತ್ರಿ ಇದಾರೆ. ಕಿವಿ ಇಟ್ಟು ಬೀಗ ತೆಗೀತಾರೆ."

"ಕಿವಿ ಇಟ್ಟು ಕಳ್ಳರು ತೆಗೀತಾರೆ."

"ಇವರು ರಸೀದಿ ಕೊಡ್ತಾರೆ," ಅಂದಳು.

ಅವರ ವಿಷಯ ನಾನು ಮೊದಲು ಕೇಳಿದ್ದು ಹಾಗೆ.

ಮರುದಿನ ಬೆಳಿಗ್ಗೆ ಬಂದರು. ತೆಳ್ಳನೆಯ ಆಳು, ನೀಟಾಗಿ ಕತ್ತರಿಸಿದ ಬಿಳಿ ಮೀಸೆ, ಹೆಗಲಿಗೊಂದು ಚೀಲ. ಒಳಗೆ ಕಾಲಿಟ್ಟವರೇ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿದ್ದ ನನ್ನ ಯಜಮಾನರ ಕೋಟಿಗೆ ಕೈಮುಗಿದು, "ನಮಸ್ಕಾರ ಸ್ವಾಮಿ, ಬೀರು ಎಲ್ಲಿದೆ?" ಅಂತ ಕೇಳಿದರು. ಕೋಟು ಸುಮ್ಮನಿತ್ತು. ನಾನೇ ಒಳಗಿನಿಂದ, "ಇಲ್ಲಿ ಬನ್ನಿ" ಅಂದೆ.

ಬೀರುವಿನ ಮುಂದೆ ಮಂಡಿಯೂರಿ ಕೂತು, ಬೀಗದ ತೂತಿಗೊಂದು ತಂತಿ ತೂರಿಸಿ, ಬಾಗಿಲಿಗೆ ಕಿವಿ ಆನಿಸಿದರು. ಒಲೆಯ ಮೇಲೆ ನೀರು ಕುದಿಯುವಷ್ಟರಲ್ಲಿ ಬೀಗ ಟಕ್ಕೆಂದಿತು. ಒಳಗೆ ಏನಿತ್ತು ಅನ್ನುತ್ತೀರಿ? ಸೆಲ್ಲಿಲ್ಲದ ಮೂರು ಟಾರ್ಚು, ಹಳೆಯ ಕ್ಯಾಲೆಂಡರುಗಳ ಒಂದು ಸುರುಳಿ, ನಾನು ಎರಡು ಸಲ ಎಸೆದಿದ್ದ ಒಂದು ಜೊತೆ ಚಪ್ಪಲಿ. ಇಷ್ಟಕ್ಕೆ ಬೀಗ.

ಚಹಾ ಮಾಡಿ ಅವರ ಎಡಗಡೆ ಇಟ್ಟೆ. ಅವರ ಬೆರಳು ಮೇಜಿನ ಬಲಗಡೆ ಇರುವೆ ಹುಡುಕಿದ ಹಾಗೆ ಮೆಲ್ಲಗೆ ಹರಿದಾಡತೊಡಗಿತು. ಆಗ ನನಗೆ ಅರ್ಥವಾಯಿತು. ಲೋಟವನ್ನು ಸದ್ದಿಲ್ಲದೆ ಸರಿಸಿ ಆ ಬೆರಳಿಗೆ ತಾಗಿಸಿದೆ.

ಹೊರಡುವಾಗ ಮತ್ತೆ ಕೋಟಿಗೆ ಕೈಮುಗಿದರು. ಈ ಸಲ ತಡೆಯಲಾಗಲಿಲ್ಲ.

"ಅದು ಕೋಟು, ಮೇಸ್ತ್ರಿಗಳೇ," ಅಂದೆ.

ಅವರು ನಿಂತರು. "ಬಂದಾಗ ಮಾತಾಡಿಸಿದ್ದೂ?"

"ಅದೂ ಅದೇ."

ಚೀಲದೊಳಗಿನ ಸಾಮಾನೆಲ್ಲ ಗಲಗಲ ಅನ್ನುವ ಹಾಗೆ ನಕ್ಕರು. ನಗು ನಿಂತ ಮೇಲೆ ದನಿ ತಗ್ಗಿಸಿ, "ಯಾರ ಹತ್ರಾನೂ ಹೇಳ್ಬೇಡಿ ಅಕ್ಕ," ಅಂದರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಆದರೂ ಅಂದಿನಿಂದ ನಾನು ಅವರಿಗೆ ಅಕ್ಕನೇ ಆದೆ.

ಆಮೇಲೆ ಅವರ ಅಂಗಡಿ ನೋಡಿದೆ. ಅಂಗಡಿ ಅಂದರೆ ಒಂದು ಬಾಗಿಲಿನಷ್ಟು ಅಗಲ, ಹಿಂದೆ ಮಲಗಲು ಒಂದು ಕೋಣೆ. ಗೋಡೆ ತುಂಬ ಸಾಲು ಸಾಲು ಮೊಳೆ, ಮೊಳೆಗೊಂದು ಹಲ್ಲು ಕೊರೆಯದ ಕೀಲಿಕೈ. ಹನ್ನೊಂದನೇ ವಯಸ್ಸಿಗೆ ಸೋದರಮಾವನ ಹತ್ತಿರ ಕೆಲಸ ಕಲಿಯಲು ಕೂತರಂತೆ. ಆ ಮಾವ ಇವರ ಕಣ್ಣಿಗೆ ಟವೆಲ್ ಕಟ್ಟಿ, ಬೀಗ ಕೈಗೆ ಕೊಟ್ಟು, ತೆಗೆದ ಮೇಲೇ ಊಟ ಅನ್ನುತ್ತಿದ್ದನಂತೆ. "ಮೊದಲ ವಾರ ನಾನು ಸಿಕ್ಕಾಪಟ್ಟೆ ಸಣ್ಣಗಾದೆ," ಅನ್ನುತ್ತಿದ್ದರು. ಹಾಗೆ ಕಲಿತದ್ದಕ್ಕೇ ಈಗ ಕಣ್ಣು ಹೋದರೂ ಕೆಲಸ ನಿಂತಿರಲಿಲ್ಲ. ಮೂರನೇ ಸಾಲು, ಎಡದಿಂದ ಏಳನೆಯದು ಅಂತ ಕೈ ತಾನೇ ಹೋಗುತ್ತಿತ್ತು. ಕೀಲಿಕೈಯ ಹಲ್ಲನ್ನು ಹೆಬ್ಬೆರಳಲ್ಲಿ ಸವರಿ ಅರ ಹಾಕುತ್ತಿದ್ದರು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ ಕೇಳಿದರೆ, "ಕಣ್ಣಿಗೇನು, ಗುಂಡುಕಲ್ಲಿನ ಹಾಗಿದೆ," ಅನ್ನುತ್ತಿದ್ದರು. ಗುಂಡುಕಲ್ಲಿಗೂ ಏನೂ ಕಾಣುವುದಿಲ್ಲ ತಾನೇ ಅಂತ ನಾನು ಪಕ್ಕದಿಂದ ಅಂದರೆ ಫೋನು ಮುಚ್ಚಿ ಹಿಡಿದು ಬೈಯುತ್ತಿದ್ದರು.

ಬೀರು ತೆಗೆದ ಹದಿನೈದು ದಿನಕ್ಕೆ ನಮ್ಮ ಮನೆಗೆ ಬಂದು, ಜೇಬಿನಿಂದ ಒಂದು ಕಟ್ಟು ಇಸ್ಪೀಟೆಲೆ ತೆಗೆದು ಮೇಜಿನ ಮೇಲಿಟ್ಟರು.

"ಅಕ್ಕ, ನಿಮಗೆ ಪೋಕರ್ ಕಲಿಸ್ತೀನಿ."

"ನನಗಾ? ನಾನು ಈ ವಯಸ್ಸಲ್ಲಿ ಜೂಜಾಡ್ಲಾ?"

"ದುಡ್ಡಿಲ್ಲ. ವಾಷರ್ ಇಟ್ಟು ಆಡೋದು. ನನ್ನ ಅಂಗಡೀದೇ ವಾಷರು. ಸ್ಟೀಲಿಂದು ಒಂದು, ಹಿತ್ತಾಳೇದು ಐದು."

ಆಮೇಲೆ ಸಂಗತಿ ಬಿಚ್ಚಿದರು. ಹದಿನೆಂಟು ವರ್ಷದಿಂದ ಪ್ರತಿ ವಾರ, ಕ್ಷೌರದಂಗಡಿಗೆ ರಜೆ ಇರುವ ದಿನ ಮಧ್ಯಾಹ್ನ, ಅದೇ ಅಂಗಡಿಯೊಳಗೆ ನಾಲ್ಕು ಜನ ಕೂತು ಆಡುತ್ತಿದ್ದರು. ಅಂಗಡಿಯ ಯಜಮಾನ, ಅವನಿಗೆ ಎಲ್ಲರೂ ಕತ್ತರಿ ಅನ್ನುವುದು. ಆಸ್ಪತ್ರೆಯಿಂದ ನಿವೃತ್ತಿಯಾಗಿದ್ದ ನರ್ಸಮ್ಮ. ಒಬ್ಬ ಪೋಸ್ಟ್ ಮಾಸ್ಟರು. ನಾಲ್ಕನೆಯವರು ಇವರು. ಆದರೆ ಪೋಸ್ಟ್ ಮಾಸ್ಟರ ಕೈ ನಡುಗಲು ಶುರುವಾಗಿ ಅವರ ಎಲೆ ಎಲ್ಲರಿಗೂ ಕಾಣತೊಡಗಿತು. ತನ್ನ ಎಲೆ ತಾನು ಹಿಡಿಯಲಾಗದವರು ಮೇಜಿಗೆ ಕೂರಬಾರದು ಅಂತ ನರ್ಸಮ್ಮ ಮೆತ್ತಗೆ ಹೇಳಿ, ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಅವರನ್ನು ಕೂರಿಸಿದರು. ಅವರಿಗೆ ಬಿಸ್ಕತ್ತು ಕೊಡುತ್ತಾರೆ, ಹಳೇ ಪೇಪರು ಕೊಡುತ್ತಾರೆ. ಎಲೆ ಕೊಡುವುದಿಲ್ಲ.

"ನನ್ನ ಕಣ್ಣಿನ ವಿಷಯ ಗೊತ್ತಾದ್ರೆ ನನಗೂ ಅದೇ ಬೆಂಚು," ಅಂದರು ಮೇಸ್ತ್ರಿ. "ವಾರವೆಲ್ಲ ನಾನು ಬೀಗದ ಜೊತೆ ಮಾತಾಡ್ತೀನಿ ಅಕ್ಕ. ಆ ಒಂದು ಮಧ್ಯಾಹ್ನ ಮನುಷ್ಯರ ಜೊತೆ. ಬಿಸ್ಕತ್ತು ತಿಂದ್ಕೊಂಡು ಬೆಂಚಿನ ಮೇಲೆ ಕೂರೋಕೆ ನನ್ನ ಕೈಲಾಗಲ್ಲ. ನೀವು ಪಕ್ಕದಲ್ಲಿ ಕೂತು ನನ್ನ ಎಲೆ ಏನು ಅಂತ ನನಗೆ ತಿಳಿಸ್ಬೇಕು. ಬೇರೆಯವರದ್ದು ಬೇಡ. ನನ್ನದು ಮಾತ್ರ."

ತನ್ನ ಎಲೆ ತಾನು ತಿಳಿಯುವುದು ಮೋಸವಲ್ಲ ಅಂತ ನನಗನ್ನಿಸಿತು. ಒಪ್ಪಿದೆ.

ಪಾಠ ಶುರುವಾಯಿತು. ನನಗೆ ನಾಲ್ಕನೇ ಕ್ಲಾಸಿನವರೆಗಿನ ಓದು. ಅಲ್ಲಿಯೂ ನಾನು ಇಷ್ಟು ಬೈಸಿಕೊಂಡಿರಲಿಲ್ಲ. ಕೈಗೆ ಎರಡೇ ಎಲೆ, ಅದನ್ನು ಯಾರಿಗೂ ತೋರಿಸಬಾರದು. ಮೇಜಿನ ಮೇಲೆ ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು, ಒಟ್ಟು ಐದು ಎಲೆ ಎಲ್ಲರಿಗೂ ಸೇರಿದ್ದು. ಈ ಏಳರಲ್ಲಿ ಚೆನ್ನಾಗಿರುವ ಐದನ್ನು ಆರಿಸಿಕೊಳ್ಳಬೇಕು. ಒಂದು ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಥರದ ಮೂರು ದೊಡ್ಡದು, ಅದಕ್ಕಿಂತ ಸಾಲಾಗಿ ಬಂದ ಐದು, ಅದಕ್ಕಿಂತ ಒಂದೇ ಗುರುತಿನ ಐದು.

"ಐದೂ ಆಟೀನು ಬಂದ್ರೆ ಮೂರು ರಾಜರಿಗಿಂತ ದೊಡ್ಡದಾ? ಅದ್ಯಾವ ನ್ಯಾಯ? ರಾಜರು ರಾಜರೇ ಅಲ್ವಾ?"

"ಅಕ್ಕ, ನೀವು ನ್ಯಾಯ ಕೇಳ್ಬೇಡಿ. ನೆನಪಿಟ್ಕೊಳ್ಳಿ."

ಪ್ರತಿ ಸಲ ಎಲೆ ಬಿದ್ದಾಗಲೂ ವಾಷರು ಇಡಬಹುದು, ಏರಿಸಬಹುದು, ಬೇಡವೆಂದರೆ ಎಲೆ ಕೆಳಗಿಟ್ಟು ಬಿಟ್ಟುಕೊಡಬಹುದು. ಎಲ್ಲರೂ ಬಿಟ್ಟುಕೊಟ್ಟರೆ ಉಳಿದವನದ್ದೇ ಗೆಲುವು. ಅವನು ಎಲೆ ತೋರಿಸಲೇಬೇಕು ಅಂತಿಲ್ಲ. ಇದು ನನಗೆ ಎರಡು ದಿನ ಅರ್ಥವಾಗಲಿಲ್ಲ.

"ಅಂದ್ರೆ ಕೈಯಲ್ಲಿ ಏನೂ ಇಲ್ದೆ ಗೆಲ್ಲಬಹುದಾ?"

"ಗೆಲ್ಲಬಹುದು."

"ಮತ್ತೆ ಎಲೆ ಯಾಕೆ ಹಂಚೋದು?"

ಅವರು ಹಣೆ ಒತ್ತಿಕೊಂಡರು. "ನಿಮ್ಮ ಹತ್ರ ಏನಿದೆ ಅನ್ನೋದು ಅರ್ಧ ಆಟ ಅಕ್ಕ. ಏನಿದೆ ಅಂತ ಅವರು ಅಂದ್ಕೊಂಡಿದಾರೆ ಅನ್ನೋದು ಇನ್ನರ್ಧ. ಮೊದಲು ನೀವು ಒಳ್ಳೆ ಎಲೆ ಬಂದಾಗ 'ಅಯ್ಯೋ' ಅನ್ನೋದು ನಿಲ್ಲಿಸಿ."

ಎಲೆ ತಿಳಿಸುವ ಉಪಾಯ ನನ್ನದೇ. ನಾನು ಸ್ವೆಟರ್ ಹೆಣೆಯುತ್ತೇನೆ. ಹೆಣಿಗೆ ಕಡ್ಡಿಗಳನ್ನು ಟಿಕ್ ಟಿಕ್ ಅಂತ ತಾಗಿಸಿದರೆ ಅಷ್ಟು ಅಂಕಿ. ಒಂದೇ ಸಲ ತಾಗಿಸಿದರೆ ಎಕ್ಕ. ಕಡ್ಡಿಗೆ ಕಡ್ಡಿ ಗರ್ರನೆ ಒಂದು ಸಲ ಉಜ್ಜಿದರೆ ಗುಲಾಮ, ಎರಡು ಸಲಕ್ಕೆ ರಾಣಿ, ಮೂರು ಸಲಕ್ಕೆ ರಾಜ. ಉಣ್ಣೆಯ ಉಂಡೆ ಅವರ ಮಡಿಲಲ್ಲಿರುತ್ತದೆ. ಅದನ್ನು ಒಂದು ಸಲ ಎಳೆದರೆ ಆಟೀನು, ಎರಡಕ್ಕೆ ಡೈಮನ್, ಮೂರಕ್ಕೆ ಕಳಾವರ್, ನಾಲ್ಕಕ್ಕೆ ಇಸ್ಪೀಟು. ನಮ್ಮ ಅಡಿಗೆಮನೆಯಲ್ಲಿ ಹತ್ತು ದಿನ ಅಭ್ಯಾಸ ಮಾಡಿದೆವು. ಟೈಲರಮ್ಮ ಇಣುಕಿ ನೋಡಿ, "ಏನು ಮೇಸ್ತ್ರಿ, ದಾರ ಹಿಡಿಯೋ ಕೆಲಸಕ್ಕೆ ಸೇರಿದ್ರಾ?" ಅಂತ ಕಿಚಾಯಿಸಿ ಹೋದಳು.

ಮೊದಲ ದಿನ ಕ್ಷೌರದಂಗಡಿಗೆ ಹೋದಾಗ ಕನ್ನಡಿಗಳಿಗೆಲ್ಲ ಟವೆಲ್ ಹೊದಿಸಿದ್ದರು. ಯಾರಾದರೂ ಸತ್ತರೇನೋ ಅಂತ ಗಾಬರಿಯಾಯಿತು. "ಇಲ್ಲಾಂದ್ರೆ ಕನ್ನಡೀಲಿ ಎಲ್ಲರ ಎಲೇನೂ ಕಾಣತ್ತೆ ಅಕ್ಕ," ಅಂದ ಕತ್ತರಿ. ಮೂರು ಗೋಡೆಗೂ ಕನ್ನಡಿ ಇರುವ ಕೋಣೆಯಲ್ಲಿ ಇಸ್ಪೀಟಾಡುವ ಜನ ಇವರಷ್ಟೇ ಇರಬೇಕು. ಮಧ್ಯೆ ಮೇಜು, ಸುತ್ತ ಕುರ್ಚಿ, ಬೆಂಚಿನ ಮೇಲೆ ಪೋಸ್ಟ್ ಮಾಸ್ಟರು ಬಿಸ್ಕತ್ತು ಹಿಡಿದು ಕೂತಿದ್ದರು. ನಾನು ನೋಡಿ ಕಲಿಯಲು ಬಂದವಳು ಅಂತ ಮೇಸ್ತ್ರಿ ಪರಿಚಯಿಸಿದರು. ಮೇಜಿಗೆ ಬೀಳುವ ಎಲೆಯ ಹೆಸರನ್ನು ಹಂಚುವವರು ಗಟ್ಟಿಯಾಗಿ ಕೂಗುವುದು ಅಲ್ಲಿಯ ರೂಢಿ, ಪೋಸ್ಟ್ ಮಾಸ್ಟರಿಗೂ ಕೇಳಲಿ ಅಂತ. ಮೇಸ್ತ್ರಿಯ ಸರದಿಗೆ ಕಲಿಯುವ ನೆಪದಲ್ಲಿ ನಾನೇ ಹಂಚಿ ಕೂಗುತ್ತಿದ್ದೆ. ಹಾಗಾಗಿ ಮೇಸ್ತ್ರಿಗೆ ಬೇಕಿದ್ದುದು ಕೈಯ ಎರಡು ಎಲೆಯಷ್ಟೇ.

ಆರೇಳು ವಾರ ಚೆನ್ನಾಗಿ ನಡೆಯಿತು. ಮಡಿಲಲ್ಲಿ ಉಂಡೆ ಇಟ್ಟುಕೊಂಡ ಮೇಸ್ತ್ರಿಯನ್ನು ನೋಡಿ ಕತ್ತರಿ, "ನಮ್ಮ ಮನೇಲೂ ಮದುವೆಯಾದ ಹೊಸತರಲ್ಲಿ ಇದನ್ನೇ ಹಿಡಿಸಿದ್ರು," ಅಂತ ಪ್ರತಿ ವಾರ ಹೇಳಿ, ಪ್ರತಿ ವಾರ ತಾನೇ ನಗುತ್ತಿದ್ದ.

ತಪ್ಪು ನಡೆದದ್ದು ಸ್ವೆಟರಿನ ತೋಳಿನಲ್ಲಿ. ಸುಮ್ಮನೆ ಕಡ್ಡಿ ಆಡಿಸುತ್ತಿದ್ದರೆ ಅನುಮಾನ ಬರುತ್ತದೆ ಅಂತ ನಾನು ನಿಜವಾಗಿಯೂ ಹೆಣೆಯುತ್ತಿದ್ದೆ, ಎಲೆ ಹಂಚಿದಾಗ ಮಾತ್ರ ಹೆಣಿಗೆ ನಿಲ್ಲಿಸಿ ಸದ್ದು ಕೊಡುತ್ತಿದ್ದೆ. ಅವತ್ತು ತೋಳು ಮಣಿಕಟ್ಟಿನ ಹತ್ತಿರ ಬಂದಿತ್ತು, ಅಲ್ಲಿ ಕುಣಿಕೆ ಕಡಿಮೆ ಮಾಡಬೇಕು. ಮೇಸ್ತ್ರಿಗೆ ಬಂದದ್ದು ಏಳು ಮತ್ತು ಮೂರು. ಅದನ್ನು ತಿಳಿಸುವ ಮೊದಲೇ ನನ್ನ ಗಮನ ತೋಳಿಗೆ ಹೋಯಿತು, ಜಾರಿದ ಕುಣಿಕೆ ಎತ್ತಲು ಕಡ್ಡಿ ಗರ್ರ್ ಗರ್ರ್ ಅಂತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಗರ್ರ್ ಗರ್ರ್. ಮೇಸ್ತ್ರಿಯ ಲೆಕ್ಕದಲ್ಲಿ ಎರಡು ರಾಣಿ. ಅಷ್ಟರಲ್ಲಿ ಕತ್ತರಿ ಮೇಜಿಗೆ ಎಲೆ ಹಾಕಿ, "ಒಂಬತ್ತು, ರಾಣಿ, ನಾಲ್ಕು," ಅಂತ ಕೂಗಿದ. ಮೇಸ್ತ್ರಿಯ ಬೆನ್ನು ನೆಟ್ಟಗಾಯಿತು. ಹಿತ್ತಾಳೆ ವಾಷರುಗಳನ್ನೆಲ್ಲ ಎರಡೂ ಕೈಯಲ್ಲಿ ಮುಂದೆ ತಳ್ಳಿದರು. ನಾನು ಉಂಡೆ ಎಳೆದೆ, ಕೆಮ್ಮಿದೆ, ಕಾಲು ತುಳಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

ನರ್ಸಮ್ಮ ಎಲೆ ಕೆಳಗಿಟ್ಟರು. ಕತ್ತರಿ ಬಹಳ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ಅವನೂ ಕೆಳಗಿಟ್ಟ. ಗೆದ್ದಾಯಿತು, ಸುಮ್ಮನಿರಬಹುದಿತ್ತು. ಮೇಸ್ತ್ರಿ ಹೆಮ್ಮೆಯಿಂದ, "ಮೂರು ರಾಣಿಯರು," ಅಂತ ಎಲೆ ತಿರುಗಿಸಿ ಮೇಜಿಗೆ ಬಡಿದರು.

ಏಳು. ಮೂರು.

ಕತ್ತರಿ ಕುರ್ಚಿಯಿಂದ ಬೀಳುವ ಹಾಗೆ ನಕ್ಕ. "ಎದೆಗಾರಿಕೆ ನೋಡ್ರೀ. ಏನೂ ಇಲ್ದೆ ನಮ್ಮನ್ನ ಓಡಿಸಿ, ಮೇಲಿಂದ ಮೂರು ರಾಣಿ ಅಂತ ಅಣಕಿಸ್ತಾರೆ. ನನ್ನ ಹತ್ರ ಎರಡು ರಾಜರಿದ್ರು ಕಣ್ರೀ."

ಪೋಸ್ಟ್ ಮಾಸ್ಟರು ಬೆಂಚಿನಿಂದಲೇ ಚಪ್ಪಾಳೆ ತಟ್ಟಿದರು. ನರ್ಸಮ್ಮ ಮಾತ್ರ ನಗಲಿಲ್ಲ. ಮೇಸ್ತ್ರಿಯ ಚಹಾ ಲೋಟವನ್ನು ಸದ್ದಿಲ್ಲದೆ ಒಂದು ಗೇಣು ಆಚೆ ಸರಿಸಿದರು. ಬೆರಳು ಹುಡುಕಾಡಿತು. ಅಷ್ಟೇ ಸಾಕಾಯಿತು ಅವರಿಗೆ.

ಹೊರಡುವಾಗ ಬಾಗಿಲ ಹತ್ತಿರ ನನ್ನ ತೋಳು ಹಿಡಿದರು. "ಎಷ್ಟು ದಿನದಿಂದ?"

"ನನಗೇನು ಗೊತ್ತು ನರ್ಸಮ್ಮ."

"ನಿಮ್ಮ ಮುಖಕ್ಕೆ ಸುಳ್ಳು ಬರಲ್ಲ, ಪ್ರಯತ್ನ ಪಡ್ಬೇಡಿ. ನೋಡಿ, ನನಗೆ ಅವರ ಮೇಲೆ ಕೋಪ ಇಲ್ಲ. ಆದರೆ ಪೋಸ್ಟ್ ಮಾಸ್ಟರಿಗೆ ಒಂದು ನ್ಯಾಯ, ಇವರಿಗೊಂದು ನ್ಯಾಯ ಆಗಬಾರದು. ಬರೋ ವಾರದಿಂದ ಆ ಕುರ್ಚೀಲಿ ನೀವು ಕೂತ್ಕೊಳ್ಳಿ. ಆಟ ಕಲ್ತಿದೀರಲ್ಲ. ನಾನೇ ಅವರಿಗೆ ಮೆತ್ತಗೆ ಹೇಳ್ತೀನಿ."

ಆ ಮೆತ್ತಗೆ ಅನ್ನುವ ಮಾತು ಕೇಳಿ ನನಗೆ ಭಯವಾಯಿತು. ಸುಳ್ಳು ಯಾಕೆ, ಆ ಕುರ್ಚಿಯ ಆಸೆಯೂ ಒಂದು ಚೂರು ಆಯಿತು. ನಾನೂ ಆಡುವ ರುಚಿ ಕಂಡಿದ್ದೆನಲ್ಲ. ಆಸೆಯಾದದ್ದಕ್ಕೆ ನಾಚಿಕೆಯಾಗಿ, ಸಂಜೆಯೇ ಮೇಸ್ತ್ರಿಯ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ, ತೋಳಿನ ಕುಣಿಕೆ ಜಾರಿದ್ದನ್ನೂ ಸೇರಿಸಿ.

ಅವರು ಅರ ಹಾಕುವುದನ್ನು ನಿಲ್ಲಿಸಲಿಲ್ಲ. ಕೀಲಿಕೈ ಮುಗಿಸಿ, ಊದಿ, ಮೊಳೆಗೆ ಹಾಕಿದ ಮೇಲೆ ಒಂದೇ ಮಾತು ಕೇಳಿದರು: "ತೋಳು ಸರಿಯಾಯ್ತಾ?"

ಮುಂದಿನ ವಾರ ಮೇಜಿನ ಮುಂದೆ ಕೂತ ತಕ್ಷಣ, ನರ್ಸಮ್ಮ ಬಾಯಿ ತೆರೆಯುವ ಮೊದಲೇ, ಮೇಸ್ತ್ರಿ ಉಣ್ಣೆಯ ಉಂಡೆಯನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ನನಗೆ ಕಣ್ಣು ಕಾಣಲ್ಲ," ಅಂದರು. "ಒಂದು ವರ್ಷದಿಂದ ಮಬ್ಬಾಗ್ತಾ ಬಂದು ಈಗ ಪೂರ್ತಿ ಹೋಗಿದೆ. ಇಷ್ಟು ದಿನ ಅಕ್ಕ ನನ್ನ ಎಲೆ ನನಗೆ ಹೇಳ್ತಿದ್ರು. ಬೇರೆಯವರದ್ದು ಒಂದೂ ಹೇಳಿಲ್ಲ."

ಕತ್ತರಿಯ ಬಾಯಿ ತೆರೆದೇ ಉಳಿಯಿತು. "ಮತ್ತೆ ಹೋದ ತಿಂಗಳು ನನ್ನ ಅಂಗಡಿ ಬೀಗ ರಿಪೇರಿ ಮಾಡಿದ್ದು?"

"ಕಣ್ಣಿಲ್ದೇನೇ. ಈಗ ಚೆನ್ನಾಗಿದೆಯಾ?"

"ಚೆನ್ನಾಗೇ ಇದೆ."

"ಹಾಗಾದ್ರೆ ಸುಮ್ನಿರು." ನರ್ಸಮ್ಮನ ಕಡೆ ತಿರುಗಿದರು. "ತನ್ನ ಎಲೆ ತಾನು ಹಿಡಿಯೋಕೆ ಆಗ್ದೋರು ಕೂರಬಾರದು, ಅದು ನಿಯಮ. ನಾನು ಹಿಡೀತೀನಿ. ನೋಡೋಕಷ್ಟೇ ಆಗಲ್ಲ. ಇವತ್ತು ಐದು ಗಂಟೆ ತನಕ ಆಡೋಣ. ಅಕ್ಕ ಏನೂ ಹೇಳಲ್ಲ, ನನ್ನ ಎಲೆ ಯಾರೂ ನೋಡಲ್ಲ, ನಾನೂ ನೋಡಲ್ಲ. ಅಷ್ಟರಲ್ಲಿ ಒಂದೇ ಒಂದು ಸಲ ನಿಮ್ಮಿಬ್ಬರನ್ನೂ ಸೋಲಿಸಿದ್ರೆ ಈ ಕುರ್ಚಿ ನನ್ನದು. ಆಗ್ಲಿಲ್ಲ ಅಂದ್ರೆ ನಾನೇ ಎದ್ದು ಬೆಂಚಿಗೆ ಹೋಗ್ತೀನಿ, ಯಾರೂ ಮೆತ್ತಗೆ ಹೇಳೋದು ಬೇಡ."

"ನಾನು ದಯೆ ತೋರ್ಸಲ್ಲ ಮೇಸ್ತ್ರಿ," ಅಂದರು ನರ್ಸಮ್ಮ.

"ತೋರ್ಸಿದ್ರೆ ನನಗೆ ಕೇಳ್ಸತ್ತೆ."

ಆಟ ಶುರುವಾಯಿತು. ಎಲೆ ಬೀಳುವ ಮೊದಲು ಪ್ರತಿಯೊಬ್ಬರೂ ಒಂದೊಂದು ಸ್ಟೀಲ್ ವಾಷರ್ ಇಡಬೇಕು. ಮೇಸ್ತ್ರಿ ಒಂದಿಡುತ್ತಿದ್ದರು, ತಲೆ ಸ್ವಲ್ಪ ಓರೆ ಮಾಡಿ ಕೂರುತ್ತಿದ್ದರು, ಆಮೇಲೆ ಬಿಟ್ಟುಕೊಡುತ್ತಿದ್ದರು. ಮತ್ತೆ ಒಂದು, ಮತ್ತೆ ಬಿಟ್ಟುಕೊಡುವುದು. ಹೀಗೇ ಒಂಬತ್ತೋ ಹತ್ತೋ ಆಟ ಹೋಯಿತು. ನಾನು ಬೆಂಚಿನ ಮೇಲೆ ಪೋಸ್ಟ್ ಮಾಸ್ಟರ ಪಕ್ಕ ಕೂತಿದ್ದೆ, ಕೈಯಲ್ಲಿ ಹೆಣಿಗೆ ಇಲ್ಲದೆ ಬೆರಳೆಲ್ಲ ತುರಿಸುತ್ತಿತ್ತು. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸಿತು. ಪೋಸ್ಟ್ ಮಾಸ್ಟರು ಸ್ವಲ್ಪ ಸರಿದು ಇನ್ನೊಬ್ಬರಿಗೆ ಜಾಗ ಮಾಡಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಆಗ ಕತ್ತರಿ ಎಲೆ ಹಂಚಿದ. ಮೇಜಿಗೆ ಮೂರು ಹಾಕಿ, "ಎರಡು, ಏಳು, ಒಂಬತ್ತು," ಅಂದ. ತನ್ನ ಎಲೆ ನೋಡಿ, ಕ್ಷೌರದ ಕತ್ತಿ ಮಸೆಯುವ ಹಾಗೆ ಹೆಬ್ಬೆರಳನ್ನು ತೊಡೆಗೆ ಉಜ್ಜಿಕೊಂಡು ಬಿಟ್ಟುಕೊಟ್ಟ. ನರ್ಸಮ್ಮ ಎರಡು ವಾಷರ್ ಇಟ್ಟರು. ಮೇಸ್ತ್ರಿಯೂ ಎರಡಿಟ್ಟರು. ಅವತ್ತು ಮೊದಲ ಬಾರಿಗೆ.

"ಐದು," ಅಂತ ಕತ್ತರಿ ನಾಲ್ಕನೇ ಎಲೆ ಕೂಗಿದ.

"ಚಹಾ ಆರಿತೇನೋ ಮೇಸ್ತ್ರಿ, ಬೇರೆ ಮಾಡ್ಸಲಾ?" ಅಂತ ಕೇಳುತ್ತ ನರ್ಸಮ್ಮ ಇನ್ನೆರಡು ಇಟ್ಟರು.

ಮೇಸ್ತ್ರಿಯ ಮುಖದಲ್ಲಿ ಬೀರುವಿನ ಬಾಗಿಲಿಗೆ ಕಿವಿ ಇಟ್ಟ ದಿನದ ಕಳೆ ಬಂತು. ತನ್ನ ಮುಂದಿದ್ದ ವಾಷರುಗಳಷ್ಟನ್ನೂ ಎರಡೂ ಕೈಯಲ್ಲಿ ಬಳಿದು ಮುಂದೆ ತಳ್ಳಿದರು. ಒಂದು ಉರುಳಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

ನರ್ಸಮ್ಮ ಎಲೆ ನೋಡಿದರು, ಮೇಜು ನೋಡಿದರು, ಮೇಸ್ತ್ರಿಯನ್ನು ನೋಡಿದರು. "ನಿಮ್ಮ ಎಲೆ ನಿಮಗೇ ಗೊತ್ತಿಲ್ಲ," ಅಂದರು.

"ನಿಮ್ಮದು ನಿಮಗೆ ಗೊತ್ತಲ್ಲ," ಅಂದರು ಮೇಸ್ತ್ರಿ.

ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಬರುವಷ್ಟು ಹೊತ್ತಾಯಿತು. ನರ್ಸಮ್ಮ ಎಲೆಗಳನ್ನು ತಿರುಗಿಸಿ ಮೇಜಿಗೆ ಎಸೆದರು. ರಾಜ ಮತ್ತು ಗುಲಾಮ, ಮೇಜಿನ ಯಾವುದಕ್ಕೂ ಕೂಡದವು. "ತಗೊಳ್ಳಿ," ಅಂದರು. ದಯೆ ತೋರಿಸಿದರೇನೋ ಅಂತ ಅವರ ಮುಖ ನೋಡಿದೆ. ಕಿವಿ ಕೆಂಪಾಗಿತ್ತು, ತುಟಿ ಬಿಗಿದಿತ್ತು. ಅದು ಸೋತವರ ಮುಖವೇ.

"ನನ್ನ ಹತ್ರ ಏನಿಲ್ಲ ಅಂತ ಹೇಗೆ ಗೊತ್ತಾಯ್ತು?"

"ಒಳ್ಳೆ ಎಲೆ ಬಂದಾಗ ನೀವು ಯಾರ ಚಹಾನೂ ವಿಚಾರಿಸಲ್ಲ ನರ್ಸಮ್ಮ. ಹದಿನೆಂಟು ವರ್ಷದಿಂದ."

ಕತ್ತರಿ ನಕ್ಕ, ಆಮೇಲೆ ನಗುವುದನ್ನು ನಿಲ್ಲಿಸಿ, "ನಾನು? ನಾನೇನ್ ಮಾಡ್ತೀನಿ?" ಅಂತ ಕೇಳಿದ. ಮೇಸ್ತ್ರಿ ಹೇಳಲಿಲ್ಲ. ಅವನು ಇವತ್ತಿಗೂ ತಲೆ ಕೆಡಿಸಿಕೊಂಡಿದ್ದಾನೆ.

ನರ್ಸಮ್ಮ ಸೋತರೂ ಸುಮ್ಮನೆ ಕೂರುವವರಲ್ಲ. ಎರಡು ವಾರ ಕಳೆದು ಕಣ್ಣಾಸ್ಪತ್ರೆಯಿಂದ ಒಂದು ಕಟ್ಟು ತಂದರು, ಪ್ರತಿ ಎಲೆಯ ಮೂಲೆಯಲ್ಲೂ ಮುಟ್ಟಿದರೆ ತಿಳಿಯುವ ಉಬ್ಬು ಚುಕ್ಕಿ ಇರುವಂಥದ್ದು. "ಮೊದಲೇ ಹೇಳಿದ್ರೆ ಮೊದಲೇ ತರ್ತಿದ್ದೆ," ಅಂತ ಬೈದು ಕೊಟ್ಟರು. ಕೀಲಿಕೈಯ ಹಲ್ಲು ಸವರಿದ ಹೆಬ್ಬೆರಳಿಗೆ ಅದೇನು ಕಷ್ಟ, ಮೂರೇ ದಿನದಲ್ಲಿ ಓದಲು ಕಲಿತರು. ಅವರ ಸರದಿ ಬಂದಾಗ ಹಂಚುವ ಕೆಲಸ ಮಾತ್ರ ಬೇರೆಯವರದ್ದು, ಇಲ್ಲದಿದ್ದರೆ ಎಲ್ಲರ ಎಲೆಯೂ ಅವರ ಬೆರಳಿಗೆ ತಿಳಿದುಬಿಡುತ್ತದಲ್ಲ. ನಾಲ್ಕನೇ ಕುರ್ಚಿಯಲ್ಲಿ ನಾನು ಕೂತೆ. ಎಲೆ ಹಿಡಿಯಲು ಒಂದು ಮರದ ಪಟ್ಟಿ ಮಾಡಿಸಿ ಐದನೇ ಕುರ್ಚಿಗೆ ಪೋಸ್ಟ್ ಮಾಸ್ಟರನ್ನು ಕರೆತಂದದ್ದು ಮೇಸ್ತ್ರಿಯೇ. ಅದಾದ ಮೇಲೆ ಆರು ವರ್ಷ ಆಡಿದರು, ತೀರಿಕೊಳ್ಳುವ ಕಡೆಯ ವಾರದವರೆಗೂ. ನನ್ನ ವಾಷರುಗಳನ್ನು ಎಷ್ಟು ಸಲ ಬಳಿದುಕೊಂಡರೋ ಲೆಕ್ಕವಿಲ್ಲ. ಆದರೆ ಆ ಆರು ವರ್ಷದಲ್ಲಿ ನನ್ನಿಂದ ಏನನ್ನೂ ಕೇಳಲಿಲ್ಲ. ಬೇಕಾಗಲಿಲ್ಲ.

ಕೊನೆಯದಾಗಿ ಕೇಳಿದ್ದು ಆ ಗೆದ್ದ ಸಂಜೆಯೇ. ಕತ್ತರಿ ಕನ್ನಡಿಗಳ ಟವೆಲ್ ತೆಗೆಯುತ್ತಿದ್ದ, ನರ್ಸಮ್ಮ ಲೋಟ ತೊಳೆಯುತ್ತಿದ್ದರು. ಮೇಸ್ತ್ರಿ ಇನ್ನೂ ಕುರ್ಚಿ ಬಿಟ್ಟಿರಲಿಲ್ಲ. ಆ ಎರಡು ಎಲೆಗಳು ಬೋರಲಾಗಿ ಅವರ ಅಂಗೈ ಕೆಳಗಿದ್ದವು. ನಾನು ಎಲೆಗಳನ್ನು ಕೂಡಿಸಿ ಕಟ್ಟು ಮಾಡುತ್ತ ಹತ್ತಿರ ಹೋಗಿ, "ಏನಿತ್ತು ಅಂತ ನೋಡಿ ಹೇಳ್ಲಾ?" ಅಂದೆ.

ಅವರು ಎಲೆಗಳನ್ನು ಬೋರಲಾಗಿಯೇ ನನ್ನ ಕಡೆ ಸರಿಸಿದರು.

"ಬೇಡ ಅಕ್ಕ. ತಿರುಗಿಸದೆ ಹಾಗೇ ಕಲಸಿಬಿಡಿ."